ಬ್ಯಾಟರಿ ಬದಲಿಸುವ ಮುನ್ನ ಅಳೆದು ನೋಡಿ

ಮಾನ್ಯ ಸಂಪಾದಕರೇ,

ಬೈಕ್ ಸೆಲ್ಫ್ ತೆಗೆದುಕೊಳ್ಳದಿದ್ದರೆ ಸಾಕು, ‘ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ’ ಎಂಬ ಮಾತು ಗ್ಯಾರೇಜಿನಲ್ಲಿ ಥಟ್ಟನೆ ಬರುತ್ತದೆ. ಹೊಸದು ಹಾಕಿಸಿದ ಮೇಲೆ ಕೆಲವು ವಾರ ಗಾಡಿ ಚೆನ್ನಾಗಿ ಸ್ಟಾರ್ಟ್ ಆಗಿ, ಆಮೇಲೆ ಮತ್ತೆ ಅದೇ ರಾಗ. ಮೂಲ ದೋಷ ಬೇರೆಲ್ಲೋ ಉಳಿದಿದ್ದರೆ ಹೊಸ ಬ್ಯಾಟರಿಯೂ ಹಾಳಾಗದೆ ಇರದು. ವೋಲ್ಟೇಜ್, ಕರೆಂಟ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ದೋಷ ಎಲ್ಲಿದೆಯೆಂದು ಬಹುಪಾಲು ಮನೆಯಲ್ಲೇ ಪತ್ತೆ ಹಚ್ಚಬಹುದು. ಓದುಗರಿಗೆ ಉಪಯೋಗವಾಗಲೆಂದು ಈ ಪತ್ರ.

ಮೀಟರ್ ಹಿಡಿಯುವ ಮೊದಲು ಶಬ್ದ ಕೇಳಿ. ಸೆಲ್ಫ್ ಬಟನ್ ಒತ್ತಿದಾಗ ‘ಟಕಟಕಟಕ’ ಎಂದು ರಿಲೇ (ಸೆಲ್ಫ್ ಮೋಟರಿಗೆ ಕರೆಂಟ್ ಕೂಡಿಸುವ ಸ್ವಿಚ್) ಬಡಿದುಕೊಂಡು ದೀಪಗಳು ಮಂಕಾದರೆ, ಬ್ಯಾಟರಿಯಲ್ಲಿ ಚಾರ್ಜ್ ಇಲ್ಲ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ರಿಲೇ ಕೂಡಿದೊಡನೆ ಮೋಟರ್ ಭಾರೀ ಕರೆಂಟ್ ಎಳೆಯುತ್ತದೆ. ವೋಲ್ಟೇಜ್ ಕುಸಿದು ರಿಲೇ ಬಿಟ್ಟುಕೊಳ್ಳುತ್ತದೆ. ಭಾರ ಇಳಿದಾಗ ವೋಲ್ಟೇಜ್ ಏರಿ ಮತ್ತೆ ಕೂಡುತ್ತದೆ. ಆ ಸದ್ದು ಬರುವುದು ಹೀಗೆ. ಒಂದೇ ಸಲ ‘ಟಕ್’ ಎಂದು, ದೀಪ ಮಂಕಾಗದೆ ಉಳಿದರೆ ರಿಲೇಯ ಕಾಂಟ್ಯಾಕ್ಟ್ ಸುಟ್ಟಿರಬಹುದು ಅಥವಾ ಸೆಲ್ಫ್ ಮೋಟರಿನ ಬ್ರಷ್ ಸವೆದಿರಬಹುದು. ಸದ್ದೇ ಇಲ್ಲವೆಂದರೆ ಕಿಲ್ ಸ್ವಿಚ್, ಸೈಡ್ ಸ್ಟ್ಯಾಂಡ್ ಸ್ವಿಚ್, ಕ್ಲಚ್ ಸ್ವಿಚ್, ಫ್ಯೂಸ್ ನೋಡಿ. ಮೋಟರ್ ಜೋರಾಗಿ ತಿರುಗಿಯೂ ಎಂಜಿನ್ ಹತ್ತದಿದ್ದರೆ ಪೆಟ್ರೋಲ್, ಪ್ಲಗ್‌ಗಳ ಕಡೆ ಗಮನ ಕೊಡಿ.

ಮುಂದಿನದು ಟರ್ಮಿನಲ್. ಬೋಲ್ಟ್ ಬೆರಳಿನಲ್ಲೇ ತಿರುಗಿದರೆ ಅರ್ಧ ಉತ್ತರ ಸಿಕ್ಕಿತು. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ವೈರ್ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿದ ಬ್ರಷ್‌ನಿಂದ ಉಜ್ಜಿ, ಒರೆಸಿ, ಒಣಗಿಸಿ, ಬಿಗಿ ಮಾಡಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಬಿಚ್ಚುವಾಗ ನೆಗೆಟಿವ್ ಮೊದಲು, ಕೂಡಿಸುವಾಗ ನೆಗೆಟಿವ್ ಕೊನೆಗೆ. ಈ ಕ್ರಮ ತಪ್ಪಿ, ಪಾಸಿಟಿವ್ ಮೇಲಿರುವ ಸ್ಪ್ಯಾನರ್ ಚಾಸಿಸ್‌ಗೆ ತಗುಲಿದರೆ ದೊಡ್ಡ ಕಿಡಿ ಹಾರುತ್ತದೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್ ಹೊತ್ತಿಕೊಳ್ಳಲು ಅಷ್ಟು ಸಾಕು.

ಈಗ ಅಳತೆ. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಗಾಡಿ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಬ್ಯಾಟರಿಯ ಎರಡು ತುದಿಗಳ ನಡುವೆ ನೋಡಿ. ಓಡಿಸಿ ಬಂದ ತಕ್ಷಣ ನೋಡಿದರೆ ಮೇಲ್ಮೈ ಚಾರ್ಜ್‌ನಿಂದಾಗಿ ಸುಳ್ಳು ಅಂಕಿ ಬರುತ್ತದೆ. 12.6ರಿಂದ 12.8 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2ಕ್ಕೆ ಸುಮಾರು ಅರ್ಧ, 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಚಾರ್ಜ್ ಮಾಡಿದ ಮೇಲೂ 10.5ರ ಆಸುಪಾಸಿನಲ್ಲೇ ನಿಂತರೆ ಆರು ಸೆಲ್‌ಗಳಲ್ಲಿ ಒಂದು ಶಾರ್ಟ್ ಆಗಿದೆ ಎಂದೇ ತಿಳಿಯಿರಿ. ಅಂಥ ಬ್ಯಾಟರಿಗೆ ಚಿಕಿತ್ಸೆ ಇಲ್ಲ.

ಆದರೆ 12.7 ತೋರಿಸಿತೆಂದು ಸಮಾಧಾನ ಪಡಬೇಡಿ. ಒಳಗಿನ ಪ್ಲೇಟುಗಳಲ್ಲಿ ಸಲ್ಫೇಟ್ ಗಟ್ಟಿಯಾಗಿ ಕೂತಿದ್ದರೂ ಭಾರವಿಲ್ಲದಾಗ ವೋಲ್ಟೇಜ್ ಚೆನ್ನಾಗಿಯೇ ಕಾಣುತ್ತದೆ. ನಿಜವಾದ ಪರೀಕ್ಷೆ ಸೆಲ್ಫ್ ಒತ್ತಿದಾಗ. ಮೀಟರಿನ ತುದಿಗಳನ್ನು ಬ್ಯಾಟರಿ ಮೇಲೇ ಇಟ್ಟು, ಇನ್ನೊಬ್ಬರಿಂದ ಎರಡು ಮೂರು ಸೆಕೆಂಡ್ ಸೆಲ್ಫ್ ಒತ್ತಿಸಿ. 10ರ ಮೇಲೆ ನಿಂತರೆ ಒಳ್ಳೆಯದು. ಪೂರ್ತಿ ಚಾರ್ಜ್ ಆದ ಬ್ಯಾಟರಿ 9.5ಕ್ಕಿಂತ ಕೆಳಗಿಳಿದರೆ ಅದರ ಆಯುಷ್ಯ ಮುಗಿದಿದೆ, ಅಥವಾ ಮೋಟರೇ ಜಾಮ್ ಆಗಿ ಅತಿಯಾಗಿ ಕರೆಂಟ್ ಎಳೆಯುತ್ತಿದೆ. ವೋಲ್ಟೇಜ್ ಇಳಿಯದೆ ಮೋಟರ್ ಮಾತ್ರ ಎಳೆದೆಳೆದು ತಿರುಗುತ್ತಿದ್ದರೆ ದೋಷ ವೈರಿನಲ್ಲಿರಬಹುದು. ಒಂದು ಪ್ರೋಬ್ ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದು ಎಂಜಿನ್ನಿನ ಬಣ್ಣವಿಲ್ಲದ ಲೋಹದ ಮೇಲೆ ಇಟ್ಟು ಸೆಲ್ಫ್ ಒತ್ತಿ. 0.2 ವೋಲ್ಟ್‌ಗಿಂತ ಹೆಚ್ಚು ಬಂದರೆ ಅರ್ತ್ ವೈರ್ (ನೆಗೆಟಿವ್ ತುದಿಯನ್ನು ಗಾಡಿಯ ಲೋಹಕ್ಕೆ ಸೇರಿಸುವ ವೈರ್) ಬಿಚ್ಚಿ ಶುಚಿ ಮಾಡಬೇಕು. ಇದೊಂದನ್ನು ನೋಡದೆಯೇ ಬದಲಿಸಿದ ಬ್ಯಾಟರಿಗಳು ಬಹಳ.

ಮೂರನೆಯ ಅಳತೆ ಎಂಜಿನ್ ಓಡುವಾಗ. ವೇಗವನ್ನು 4,000 ಆರ್‌ಪಿಎಂ ಹತ್ತಿರ ಹಿಡಿದರೆ 13.5ರಿಂದ 14.5 ವೋಲ್ಟ್ ಬರಬೇಕು. 13 ದಾಟದಿದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ, ಚಾರ್ಜಿಂಗ್ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಕುದಿಸುತ್ತಿದೆ. ಚಾರ್ಜ್ ಆಗದಿದ್ದಾಗ ರೆಗ್ಯುಲೇಟರ್ ಕನೆಕ್ಟರನ್ನು ಎಳೆದು ನೋಡಿ. ಒಳಗಿನ ಪಿನ್ ಕಂದಿ, ಪ್ಲಾಸ್ಟಿಕ್ ಕರಗಿರುವುದು ಅಪರೂಪವಲ್ಲ. ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್‌ನಿಂದ ಮೂರು ವೈರ್ ಬರುವ ಗಾಡಿಗಳಲ್ಲಿ, ಎಂಜಿನ್ ಆಫ್ ಇದ್ದಾಗ ಎರಡೆರಡರ ನಡುವಿನ ರೆಸಿಸ್ಟೆನ್ಸ್ ಒಂದೇ ಸಮ ಇರಬೇಕು. ಯಾವ ವೈರಿಗೂ ಎಂಜಿನ್ ಬಾಡಿಗೂ ಸಂಪರ್ಕ ಸಿಗಬಾರದು. ಸಿಕ್ಕರೆ ಕಾಯಿಲ್ ಸುಟ್ಟಿದೆ.

ಈ ಮೂರೂ ಸರಿಯಿದ್ದು, ನಿಲ್ಲಿಸಿಟ್ಟ ಗಾಡಿ ನಾಲ್ಕೈದು ದಿನದಲ್ಲಿ ಡೌನ್ ಆಗುತ್ತಿದ್ದರೆ ಸೋರಿಕೆ ಹುಡುಕಿ. ಕೀ ತೆಗೆದು, ನೆಗೆಟಿವ್ ವೈರ್ ಬಿಚ್ಚಿ, ಮೀಟರನ್ನು 10 ಆಂಪಿಯರ್ ವ್ಯಾಪ್ತಿಗೆ ಇಟ್ಟು ವೈರಿಗೂ ಟರ್ಮಿನಲ್ಲಿಗೂ ನಡುವೆ ಹಿಡಿಯಿರಿ. ಅಂಕಿ ಚಿಕ್ಕದೆಂದು ಖಚಿತವಾದ ಮೇಲೆ ಮಿಲಿಆಂಪಿಯರ್‌ಗೆ ಬದಲಿಸಿ. ಆ ಸ್ಥಿತಿಯಲ್ಲಿ ಸೆಲ್ಫ್ ಒತ್ತಿದರೆ ಮೀಟರಿನ ಫ್ಯೂಸ್ ಹೋಗುತ್ತದೆ. ಕೆಲವೇ ಮಿಲಿಆಂಪಿಯರ್ ಸಹಜ. 50 ಮಿಲಿಆಂಪಿಯರ್ ಸೋರಿದರೆ ದಿನಕ್ಕೆ 1.2 ಆಂಪಿಯರ್-ಅವರ್ ಖಾಲಿ. 5 ಆಂಪಿಯರ್-ಅವರ್ ಸಾಮರ್ಥ್ಯದ ಬ್ಯಾಟರಿ ನಾಲ್ಕು ದಿನದಲ್ಲಿ ಬಹುತೇಕ ಬರಿದಾಗುತ್ತದೆ. ಒಂದೊಂದೇ ಫ್ಯೂಸ್ ಕೀಳುತ್ತಾ ಹೋದರೆ ಅಂಕಿ ಇಳಿಯುವ ಕಡೆ ಕಳ್ಳ ಸಿಗುತ್ತಾನೆ. ಇಗ್ನಿಷನ್ ದಾಟಿಸಿ ನೇರ ಬ್ಯಾಟರಿಗೆ ಕೊಟ್ಟ ಅಲಾರಾಂ, ಟ್ರ್ಯಾಕರ್, ಮೊಬೈಲ್ ಚಾರ್ಜರ್‌ಗಳನ್ನು ಮೊದಲು ಅನುಮಾನಿಸಿ.

ಡೌನ್ ಆದ ಬ್ಯಾಟರಿಗೆ ಅದರ ಸಾಮರ್ಥ್ಯದ ಹತ್ತನೇ ಒಂದು ಭಾಗದ ಕರೆಂಟ್ ಸಾಕು: 5 ಆಂಪಿಯರ್-ಅವರ್‌ಗೆ ಅರ್ಧ ಆಂಪಿಯರ್. ಕಾರಿನ ದೊಡ್ಡ ಚಾರ್ಜರ್ ಹಾಕಿದರೆ ಬಿಸಿಯಾಗಿ ಪ್ಲೇಟ್ ಬಾಗುತ್ತವೆ. ಮುಚ್ಚಳವಿರುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ, ಮೇಲಿನ ಗೆರೆಯವರೆಗೆ. ಆವಿಯಾಗುವುದು ನೀರೇ ಆದ್ದರಿಂದ ಆಸಿಡ್ ಸೇರಿಸುವುದು ತಪ್ಪು. ಫ್ಯುಯಲ್ ಇಂಜೆಕ್ಷನ್ ಗಾಡಿಯ ಬ್ಯಾಟರಿ ಪೂರ್ತಿ ಸತ್ತಿದ್ದರೆ ತಳ್ಳಿ ಪ್ರಯೋಜನವಿಲ್ಲ. ಗಾಡಿಯೊಳಗಿನ ಫ್ಯುಯಲ್ ಪಂಪ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಎರಡಕ್ಕೂ ಕರೆಂಟ್ ಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಬಿಚ್ಚಿ ‘ಚಾರ್ಜಿಂಗ್ ಚೆಕ್’ ಮಾಡುವ ಹಳೆಯ ಪದ್ಧತಿಯಂತೂ ಇಸಿಯುವನ್ನೇ ಸುಡಬಲ್ಲದು. ದಯವಿಟ್ಟು ಯಾರೂ ಮಾಡಬೇಡಿ, ಮಾಡಲು ಬಿಡಬೇಡಿ.

ಮೆಕ್ಯಾನಿಕ್ ಮಿತ್ರರಲ್ಲಿ ಒಂದು ಕೋರಿಕೆ. ಬ್ಯಾಟರಿ ಬದಲಿಸುವಾಗ ನಿಂತಾಗಿನ, ಸೆಲ್ಫ್ ಒತ್ತಿದಾಗಿನ, ಓಡುವಾಗಿನ ವೋಲ್ಟೇಜ್ ಮೂರನ್ನೂ ಬಿಲ್ಲಿನ ಮೇಲೆ ಬರೆದುಕೊಡಿ. ಗ್ರಾಹಕರೂ ಅದನ್ನು ಕೇಳಿ ಪಡೆಯಲಿ.

ಇತಿ,
ಒಬ್ಬ ಆಟೊ ಎಲೆಕ್ಟ್ರಿಷಿಯನ್