ಹೆಸರು ಕಳಿಸಿದ ದಿನವೇ ಹಾರ ಹಾಕಬೇಡಿ

ಮಾನ್ಯ ಸಂಪಾದಕರೇ,

ಅಮೆರಿಕದ ಅಧ್ಯಕ್ಷರು ಭಾರತ ಮೂಲದ ಯಾರಾದರೂ ವಕೀಲರ ಹೆಸರನ್ನು ಫೆಡರಲ್ ನ್ಯಾಯಾಧೀಶರ ಹುದ್ದೆಗೆ ಸೂಚಿಸಿದರೆ ಸಾಕು, ಮರುದಿನವೇ ನಮ್ಮ ಪತ್ರಿಕೆಗಳಲ್ಲಿ ಫೋಟೊ ಸಮೇತ ಸುದ್ದಿ. ‘ನ್ಯಾಯಾಧೀಶರಾಗಿ ನೇಮಕ’ ಅಂತ ದಪ್ಪಕ್ಷರದ ತಲೆಬರಹ. ಅಜ್ಜನ ಊರು ಯಾವುದು, ಅಪ್ಪ ಯಾವ ವರ್ಷ ವಿಮಾನ ಹತ್ತಿದರು, ಎಲ್ಲ ಬರುತ್ತದೆ. ಆಮೇಲೆ ಅವರ ಸುದ್ದಿಯೇ ಇರುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಪತ್ರಿಕೆಯೂ ಇದಕ್ಕೆ ಹೊರತಲ್ಲ. ನಾನು ಕೋರ್ಟಿನಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ಫೈಲು ಎಲ್ಲೆಲ್ಲಿ ನಿಂತು ಎಲ್ಲೆಲ್ಲಿ ಸಹಿ ಬಿದ್ದು ಬರುತ್ತದೆ ಅಂತ ನೋಡುವುದು ಹಳೇ ಚಾಳಿ. ಹಾಗಾಗಿ ಈ ಪತ್ರ.

ಅಲ್ಲಿ ಅಧ್ಯಕ್ಷರು ಹೆಸರು ಕಳಿಸಬಹುದು, ಅಷ್ಟೇ. ಒಪ್ಪಬೇಕಾದದ್ದು ನೂರು ಸದಸ್ಯರ ಮೇಲ್ಮನೆ, ಅಂದರೆ ಸೆನೆಟ್. ಈ ನಡುವೆ ದೊಡ್ಡ ದಾರಿಯಿದೆ. ಅಭ್ಯರ್ಥಿ ತಾನು ವಾದಿಸಿದ ಕೇಸು, ಬರೆದ ಲೇಖನ, ಮಾಡಿದ ಭಾಷಣ, ಆಸ್ತಿಪಾಸ್ತಿ ಎಲ್ಲದರ ಲೆಕ್ಕ ಕೊಡಬೇಕು. ಎಫ್‌ಬಿಐ ಹಿನ್ನೆಲೆ ಜಾಲಾಡುತ್ತದೆ. ಫೆಡರಲ್ (ಕೇಂದ್ರದ) ಕೋರ್ಟುಗಳಲ್ಲಿ ಮೊದಲ ಹಂತದ್ದಾದ ಜಿಲ್ಲಾ ಕೋರ್ಟಿನ ಹುದ್ದೆಯಾದರೆ ಆ ರಾಜ್ಯದ ಇಬ್ಬರು ಸೆನೆಟರ್‌ಗಳ ಒಪ್ಪಿಗೆ ಚೀಟಿಯೂ ಬರಬೇಕು. ನೀಲಿ ಕಾಗದದಲ್ಲಿರುವುದರಿಂದ ಅದಕ್ಕೆ ಬ್ಲೂ ಸ್ಲಿಪ್ ಅಂತಲೇ ಹೆಸರು. ಕಾನೂನಿನ ಪುಸ್ತಕದಲ್ಲಿ ಎಲ್ಲೂ ಇಲ್ಲದ ಈ ಪದ್ಧತಿಯನ್ನು ಕೈಬಿಡಿ ಅಂತ ಟ್ರಂಪ್ 2025ರಲ್ಲಿ ಒತ್ತಾಯ ಮಾಡಿದರು. ಅವರದೇ ಪಕ್ಷದ, ಸೆನೆಟ್ ನ್ಯಾಯಾಂಗ ಸಮಿತಿಯ ಅಧ್ಯಕ್ಷ ಚಕ್ ಗ್ರಾಸ್ಲಿ ಬಗ್ಗಲಿಲ್ಲ. ಇದೆಲ್ಲ ದಾಟಿದರೆ ನ್ಯಾಯಾಂಗ ಸಮಿತಿಯ ಮುಂದೆ ಬಹಿರಂಗ ವಿಚಾರಣೆ, ಸಮಿತಿಯಲ್ಲಿ ಮತ, ಕೊನೆಗೆ ಇಡೀ ಸೆನೆಟ್‌ನಲ್ಲಿ ಮತ. ಸೆನೆಟ್‌ನ ಅವಧಿ ಮುಗಿದರೆ ಫೈಲು ವಾಪಸ್. ಮತ್ತೆ ಮೊದಲಿಂದ.

ಡಯಾನ್ ಗುಜರಾತಿ ಅವರ ಕಥೆ ನೋಡಿ. ನ್ಯೂಯಾರ್ಕಿನ ಜಿಲ್ಲಾ ಕೋರ್ಟಿಗೆ ಒಬಾಮಾ ಅವರ ಹೆಸರು ಕಳಿಸಿದ್ದು 2016ರಲ್ಲಿ. ಸೆನೆಟ್ ಅದನ್ನು ಮುಟ್ಟಲಿಲ್ಲ. 2018ರಲ್ಲಿ ಟ್ರಂಪ್ ಅದೇ ಹೆಸರನ್ನು ಮತ್ತೆ ಕಳಿಸಿದರು. ಒಪ್ಪಿಗೆ ಸಿಕ್ಕಿದ್ದು 2020ರ ಸೆಪ್ಟೆಂಬರ್‌ನಲ್ಲಿ, 99–0 ಮತಗಳಿಂದ. ವಿರೋಧಿಸಿದವರು ಒಬ್ಬರೂ ಇಲ್ಲ! ಹಾಗಿದ್ದರೆ ನಾಲ್ಕು ವರ್ಷ ಯಾಕೆ ಕೂರಿಸಿದರು? ಸುದ್ದಿ ಇರುವುದು ಅಲ್ಲಿ, ಅಲ್ವಾ? ಇವರಿಗಾದರೂ ಕುರ್ಚಿ ಸಿಕ್ಕಿತು. ಅದೇ 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೆಸರು ಹೋದ ಮೆರಿಕ್ ಗಾರ್ಲೆಂಡ್ ಅವರಿಗೆ ವಿಚಾರಣೆಯ ಭಾಗ್ಯವೂ ಬರಲಿಲ್ಲ. ಹೆಸರು ಕಳಿಸಿದ ಒಬಾಮಾ ಡೆಮಾಕ್ರಟ್; ಚುನಾವಣಾ ವರ್ಷ, ಜನ ತೀರ್ಮಾನಿಸಲಿ ಅಂದರು ಆಗ ಸೆನೆಟ್‌ನಲ್ಲಿ ಬಹುಮತವಿದ್ದ ರಿಪಬ್ಲಿಕನ್ನರು. ನಾಲ್ಕು ವರ್ಷದ ನಂತರ ಮತದಾನಕ್ಕೆ ಎಂಟೇ ದಿನ ಇರುವಾಗ ಏಮಿ ಕೋನಿ ಬ್ಯಾರೆಟ್ ಅವರನ್ನು 52–48ರಲ್ಲಿ ಪಾಸು ಮಾಡಿದವರೂ ಇವರೇ.

ಹಿಂದೆ ಹೀಗಿರಲಿಲ್ಲ. ಕಟ್ಟಾ ಸಂಪ್ರದಾಯವಾದಿ ಆಂಟನಿನ್ ಸ್ಕಾಲಿಯಾ 1986ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಿದ್ದು 98–0ರಲ್ಲಿ. ಚಂಡೀಗಢದಲ್ಲಿ ಹುಟ್ಟಿದ ಶ್ರೀ ಶ್ರೀನಿವಾಸನ್ ವಾಷಿಂಗ್ಟನ್ನಿನ ಮೇಲ್ಮನವಿ ಕೋರ್ಟಿಗೆ 2013ರ ಮೇ ತಿಂಗಳಲ್ಲಿ 97–0ರಲ್ಲಿ ಆಯ್ಕೆಯಾದರು. ಹತ್ತು ವರ್ಷ ಕಳೆದು 2023ರಲ್ಲಿ ಅರುಣ್ ಸುಬ್ರಮಣಿಯನ್ ನ್ಯೂಯಾರ್ಕಿನ ಜಿಲ್ಲಾ ಕೋರ್ಟಿಗೆ ಬಂದಾಗ ಮತ 59–37. ಹುದ್ದೆ ಕೆಳಗಿನದು, ವಿರೋಧ ಜಾಸ್ತಿ. ಈ ನಡುವೆ ನಿಯಮ ಬದಲಾಗಿತ್ತು. ಚರ್ಚೆ ಮುಗಿಸಿ ಮತಕ್ಕೆ ಹಾಕಲು ಮೊದಲು 60 ಸದಸ್ಯರು ಬೇಕಿತ್ತು. 2013ರ ನವೆಂಬರ್‌ನಲ್ಲಿ ಡೆಮಾಕ್ರಟರು ಕೆಳ ಕೋರ್ಟುಗಳ ಮಟ್ಟಿಗೆ ಸರಳ ಬಹುಮತ ಸಾಕು ಅಂದರು. 2017ರಲ್ಲಿ ರಿಪಬ್ಲಿಕನ್ನರು ಅದನ್ನು ಸುಪ್ರೀಂ ಕೋರ್ಟಿಗೂ ಎಳೆದರು. ಎದುರು ಪಕ್ಷದವರ ಮತ ಬೇಕಾಗಿಯೇ ಇಲ್ಲ ಅಂದಮೇಲೆ ಅವರಿಗೂ ಹಿಡಿಸುವ ಹೆಸರನ್ನು ಯಾರು ಹುಡುಕುತ್ತಾರೆ?

ಇಷ್ಟು ಓದಿ ಆ ವ್ಯವಸ್ಥೆಯೇ ಕೆಟ್ಟದ್ದು ಅಂದುಕೊಳ್ಳಬೇಡಿ. ಮತ ಹಾಕುವ ಕಡೆ ಕೆಟ್ಟಿದೆ, ನಿಜ. ಪ್ರಶ್ನೆ ಕೇಳುವ ಜಾಗ ಇನ್ನೂ ಜೀವಂತವಾಗಿದೆ. 2017ರ ಡಿಸೆಂಬರ್‌ನಲ್ಲಿ ಮ್ಯಾಥ್ಯೂ ಪೀಟರ್ಸನ್ ಎಂಬವರು ವಾಷಿಂಗ್ಟನ್ ಜಿಲ್ಲಾ ಕೋರ್ಟಿನ ಹುದ್ದೆಗಾಗಿ ಸಮಿತಿ ಮುಂದೆ ಕೂತರು. ಫೆಡರಲ್ ಚುನಾವಣಾ ಆಯೋಗದ ಸದಸ್ಯರಾಗಿದ್ದವರು, ಸಣ್ಣ ಮನುಷ್ಯರೇನಲ್ಲ. ಲೂಸಿಯಾನಾದ ಸೆನೆಟರ್ ಜಾನ್ ಕೆನಡಿ ಶುರು ಮಾಡಿದರು. ಜ್ಯೂರಿ ಮುಂದೆ ಕೇಸು ನಡೆಸಿದ್ದೀರಾ? ಇಲ್ಲ. ಸಿವಿಲ್? ಇಲ್ಲ. ಕ್ರಿಮಿನಲ್? ಇಲ್ಲ. ನೀವೊಬ್ಬರೇ ಸಾಕ್ಷಿಯ ಹೇಳಿಕೆ ಪಡೆದಿದ್ದೀರಾ? ಇಲ್ಲ. ಸಿವಿಲ್ ಪ್ರಕ್ರಿಯೆಯ ನಿಯಮಗಳನ್ನು ಪೂರ್ತಿ ಓದಿದ್ದು ಯಾವಾಗ? ಕಾಲೇಜಿನಲ್ಲಿ. ‘ಮೋಷನ್ ಇನ್ ಲಿಮಿನೆ’ ಅಂದರೇನು? ಇಂಥ ಸಾಕ್ಷ್ಯವನ್ನು ಜ್ಯೂರಿ ಎದುರು ತರಬಾರದು ಅಂತ ವಿಚಾರಣೆಗೆ ಮುಂಚೆ ಹಾಕುವ ಅರ್ಜಿ ಅದು. ಅಲ್ಲಿನ ಜ್ಯೂನಿಯರ್ ವಕೀಲರಿಗೂ ಗೊತ್ತಿರುವಂಥದ್ದು. ಪೀಟರ್ಸನ್‌ಗೆ ಉತ್ತರ ಹೊಳೆಯಲಿಲ್ಲ. ಆ ವಿಡಿಯೊವನ್ನು ಜಗತ್ತೆಲ್ಲ ನೋಡಿತು. ಕೆಲವೇ ದಿನಗಳಲ್ಲಿ ಅವರು ಹಿಂದೆ ಸರಿದರು. ಇನ್ನೊಂದು ಮಾತು: ಹೆಸರು ಕಳಿಸಿದ ಟ್ರಂಪ್ ರಿಪಬ್ಲಿಕನ್, ಬೆವರಿಳಿಸಿದ ಕೆನಡಿಯೂ ರಿಪಬ್ಲಿಕನ್. ನಮ್ಮ ಯಾವ ಪಕ್ಷದಲ್ಲಿ ಇದನ್ನು ಕನಸು ಕಾಣಬಹುದು ಹೇಳಿ?

ಇದೇ ಜಾಗ ಕೀಳಾಗಿಯೂ ಬಳಕೆಯಾಗುತ್ತದೆ. ಕರಾಚಿಯಲ್ಲಿ ಹುಟ್ಟಿದ ಅದೀಲ್ ಮಾಂಗಿ ವ್ಯಾಪಾರದ ಕೇಸು ನಡೆಸುವ ವಕೀಲ. ಒಪ್ಪಿಗೆ ಸಿಕ್ಕಿದ್ದರೆ ಫೆಡರಲ್ ಮೇಲ್ಮನವಿ ಕೋರ್ಟಿನ ಮೊದಲ ಮುಸ್ಲಿಂ ನ್ಯಾಯಾಧೀಶ ಆಗುತ್ತಿದ್ದರು. 2023ರ ಕೊನೆಯಲ್ಲಿ ಅವರನ್ನು ಕೂರಿಸಿಕೊಂಡು ಕೇಳಿದ್ದು ಹಮಾಸ್ ಬಗ್ಗೆ, 9/11 ಬಗ್ಗೆ. ಅವರ ಹೆಸರು ಇಡೀ ಸೆನೆಟ್‌ನ ಮತಕ್ಕೆ ಬರಲೇ ಇಲ್ಲ. ನೋಡುವವರಿಗೆ ನಾಚಿಕೆಯಾಗಬೇಕು, ಹಾಗಿತ್ತು. ಆದರೂ ಯಾರು ಏನು ಕೇಳಿದರು ಅನ್ನುವುದು ದಾಖಲೆಯಲ್ಲಿದೆ. ಮುಚ್ಚಿದ ಬಾಗಿಲ ಹಿಂದೆ ನಡೆದಿದ್ದರೆ ಅಷ್ಟೂ ಇರುತ್ತಿರಲಿಲ್ಲ.

ಅಮೆರಿಕದ ಪಂಚಾಯಿತಿ ನಮಗ್ಯಾಕೆ ಅಂತ ಕೇಳುವವರಿದ್ದಾರೆ. ಅಲ್ಲಿ ಮಕ್ಕಳು ಇರುವ ಮನೆಯವರನ್ನು ಕೇಳಿ. 2025ರ ಜನವರಿ 20ರಂದು ಟ್ರಂಪ್ ಒಂದು ಆದೇಶ ಹೊರಡಿಸಿದರು. ತಾತ್ಕಾಲಿಕ ವೀಸಾದ ಮೇಲಿರುವ ದಂಪತಿಗೆ ಅಲ್ಲಿ ಹುಟ್ಟುವ ಮಗುವಿಗೆ ಪೌರತ್ವ ಇಲ್ಲ ಅಂತ. ಎಚ್-1ಬಿ ಮೇಲೆ ಹೋದ ನಮ್ಮ ಹುಡುಗ ಹುಡುಗಿಯರಿಗೆ ಹೇಗಾಗಿರಬೇಡ! ಮೂರನೇ ದಿನ ಸಿಯಾಟಲ್‌ನಲ್ಲಿ ಜಾನ್ ಕೋನಾರ್ ಎಂಬ ಜಿಲ್ಲಾ ನ್ಯಾಯಾಧೀಶರು ಅದಕ್ಕೆ ತಡೆ ಕೊಟ್ಟರು. ಅವರ ಹೆಸರನ್ನು ಕಳಿಸಿದ್ದು ಅಂದಿನ ಅಧ್ಯಕ್ಷ ರೇಗನ್, 1981ರಲ್ಲಿ. ಅವತ್ತು ಕೈಯೆತ್ತಿದ ಸೆನೆಟರ್‌ಗಳಲ್ಲಿ ಎಷ್ಟೋ ಜನ ಈಗ ಬದುಕಿಲ್ಲ. ಕೇಸು ಮೇಲಿನ ಕೋರ್ಟುಗಳಿಗೆ ಹೋಯಿತು, ಅದು ಬೇರೆ ಕಥೆ. ಎಚ್-1ಬಿಯವರ ಸಂಗಾತಿಗೆ ಕೊಡುವ ಎಚ್-4 ವೀಸಾದ ಮೇಲಿರುವ ಕೆಲವು ಗೃಹಿಣಿಯರು ಕೆಲಸ ಮಾಡಬಹುದು ಅನ್ನುವ ನಿಯಮವನ್ನು 2023ರಲ್ಲಿ ಎತ್ತಿಹಿಡಿದ ತಾನ್ಯಾ ಚುಟ್ಕನ್ ಕೂಡ ಇಂಥದೇ ಒಬ್ಬ ಜಿಲ್ಲಾ ನ್ಯಾಯಾಧೀಶೆ. ಇವರಿಗೆ ನಿವೃತ್ತಿ ವಯಸ್ಸಿಲ್ಲ. ತೆಗೆಯಬೇಕಾದರೆ ಮಹಾಭಿಯೋಗವೇ ಆಗಬೇಕು. ಹಾಗೆ ಹುದ್ದೆ ಕಳೆದುಕೊಂಡವರು ಆ ದೇಶದ ಇಡೀ ಇತಿಹಾಸದಲ್ಲಿ ಎಂಟೇ ಮಂದಿ. ಕೂರಿಸುವ ಮುಂಚೆ ಕೇಳಿದ್ದೇ ಬಂತು.

ನಮ್ಮ ಕಡೆ ಶಾಸಕರ ಕೈಗೆ ಈ ಕೆಲಸ ಕೊಡಿ ಅಂತ ನಾನು ಹೇಳುವುದಿಲ್ಲ, ಖಂಡಿತ ಬೇಡ. ಆದರೆ ಕರ್ನಾಟಕ ಹೈಕೋರ್ಟಿಗೆ ಕೊಲಿಜಿಯಂ (ನ್ಯಾಯಾಧೀಶರ ಹೆಸರು ಸೂಚಿಸುವ ಸುಪ್ರೀಂ ಕೋರ್ಟಿನ ಹಿರಿಯ ನ್ಯಾಯಮೂರ್ತಿಗಳ ಮಂಡಳಿ) 2019ರಲ್ಲಿ ಸೂಚಿಸಿದ ಒಬ್ಬ ವಕೀಲರ ಹೆಸರನ್ನು ಕೇಂದ್ರ ವಾಪಸ್ ಕಳಿಸಿತು, ಕೊಲಿಜಿಯಂ 2023ರವರೆಗೆ ಮತ್ತೆ ಮತ್ತೆ ಅದನ್ನೇ ಕಳಿಸಿತು. ಆ ವರ್ಷಗಳಲ್ಲಿ ಅವರ ಎದುರು ಕೂತು ಒಂದು ಪ್ರಶ್ನೆಯನ್ನಾದರೂ ಜನರಿಗೆ ಕೇಳಿಸುವಂತೆ ಕೇಳಿದವರಿಲ್ಲ. ಈಗೀಗ ಕೊಲಿಜಿಯಂನವರು ಅಭ್ಯರ್ಥಿಗಳನ್ನು ಕರೆಸಿ ಮಾತಾಡುತ್ತಾರಂತೆ, ಸಂತೋಷ. ಏನು ಮಾತಾಡಿದರು ಅಂತ ನಮಗೆ ಯಾರೂ ಹೇಳುವುದಿಲ್ಲ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಇಂಥ ಹೆಸರು ಬಂದಾಗ ‘ಸೂಚನೆ, ಸೆನೆಟ್ ಒಪ್ಪಿಗೆ ಬಾಕಿ’ ಅಂತ ಒಳಪುಟದಲ್ಲಿ ನಾಲ್ಕು ಸಾಲು ಸಾಕು. ಜಾಗ ಉಳಿಸಿಕೊಂಡು ವಿಚಾರಣೆಯ ದಿನ ಏನೇನು ಕೇಳಿದರು ಅಂತ ವಿವರವಾಗಿ ಬರೆಯಿರಿ. ಮತ ಬಿದ್ದ ದಿನ ಎಷ್ಟಕ್ಕೆ ಎಷ್ಟು ಅನ್ನುವುದನ್ನೂ ಹಾಕಿ. ವಿಚಾರಣೆಯ ವಿಡಿಯೊ, ಅಭ್ಯರ್ಥಿ ತುಂಬಿದ ಪ್ರಶ್ನಾವಳಿ ಎರಡನ್ನೂ ಸಮಿತಿಯೇ ತನ್ನ ಜಾಲತಾಣದಲ್ಲಿ ಹಾಕುತ್ತದೆ, ದುಡ್ಡೇನೂ ಕೊಡಬೇಕಿಲ್ಲ. ಅಜ್ಜನ ಊರಿನ ಫೋಟೊ ಆಮೇಲೂ ಹಾಕಬಹುದು.

— ಒಬ್ಬ ನಿವೃತ್ತ ಶಿರಸ್ತೇದಾರ, ಶಿವಮೊಗ್ಗ