ಮರಿಯ ಮುಖ ನೋಡುವ ಮೊದಲು ಕೂದಲು ನೋಡು

ಚಿ. ಸೌ. ಶ್ರುತಿಗೆ ದೊಡ್ಡಮ್ಮನ ಆಶೀರ್ವಾದಗಳು.

ಯಾವ ನಾಯಿಮರಿ ತರಲಿ ಎಂದು ಕೇಳಿ ನೀನು ಕಳಿಸಿದ ಮೂರು ಫೋಟೋಗಳನ್ನೂ ನೋಡಿದೆ. ಹಾಲುಬಿಳುಪಿನ ಸಮಾಯ್ಡ್, ದುಂಡು ಮುಖದ ಪಮೇರಿಯನ್, ನೆತ್ತಿಯ ಮೇಲೆ ಜುಟ್ಟು ಕಟ್ಟಿದ ಶಿಟ್ಜು. ಮೂರೂ ಚೆಂದವೇ. ಆದರೆ ನೀವಿರುವುದು ಮಂಗಳೂರಿನಲ್ಲಿ, ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ. ನೀನೂ ಅಳಿಯಂದಿರೂ ಬೆಳಿಗ್ಗೆ ಎಂಟೂವರೆಗೆ ಹೊರಟರೆ ಮನೆ ಸೇರುವುದು ಸಂಜೆ ಆರಕ್ಕೆ. ಅಥರ್ವನಿಗೆ ಇನ್ನೂ ಆರು ವರ್ಷ. ಇವಿಷ್ಟನ್ನೂ ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಜೂಲು ಕೂದಲಿನ ನಾಯಿಗಳೆಲ್ಲ ನೋಡುವುದಕ್ಕೆ ಒಂದೇ ಥರ ಕಂಡರೂ ಕೂದಲಿನಲ್ಲಿ ಎರಡು ಬಗೆ. ಸಮಾಯ್ಡ್, ಹಸ್ಕಿ, ಚೌ ಚೌ, ಪಮೇರಿಯನ್, ಸ್ಪಿಟ್ಜ್, ಗೋಲ್ಡನ್ ರಿಟ್ರೀವರ್ ಇವುಗಳಿಗೆ ಎರಡು ಪದರ: ಮೇಲೆ ಒರಟಾದ ಉದ್ದ ಕೂದಲು, ಅದರ ಬುಡದಲ್ಲಿ ಹತ್ತಿಯಷ್ಟು ಮೆತ್ತಗಿನ ಒಳಗೂದಲು. ಇವು ವರ್ಷಪೂರ್ತಿ ಸ್ವಲ್ಪ ಸ್ವಲ್ಪ ಉದುರಿಸುತ್ತವೆ, ವರ್ಷಕ್ಕೆ ಒಂದೆರಡು ಸಲ ಒಳಗೂದಲನ್ನು ಒಟ್ಟಿಗೇ ಬಿಡುತ್ತವೆ. ಆಗ ಎರಡು ಮೂರು ವಾರ ಮನೆಯ ಮೂಲೆಮೂಲೆಯಲ್ಲೂ ಕೂದಲು. ಶಿಟ್ಜು, ಲಾಸಾ ಆಪ್ಸೊ, ಮಾಲ್ಟೀಸ್, ಪೂಡಲ್‌ಗಳ ಕೂದಲು ನಮ್ಮ ತಲೆಗೂದಲಿನ ಹಾಗೆ ಬೆಳೆಯುತ್ತಲೇ ಇರುತ್ತದೆ. ‘ಇವು ಕೂದಲು ಉದುರಿಸೋದೇ ಇಲ್ಲ’ ಎಂದು ಮಾರುವವರು ಹೇಳುತ್ತಾರೆ. ಉದುರುತ್ತದೆ, ಆದರೆ ನೆಲಕ್ಕೆ ಬೀಳದೆ ಪಕ್ಕದ ಕೂದಲಿಗೆ ಸಿಕ್ಕಿಕೊಂಡು ಗಂಟಾಗುತ್ತದೆ. ಮೊದಲನೆಯದರ ಕೆಲಸ ಪೊರಕೆಯದು, ಎರಡನೆಯದರ ಕೆಲಸ ಬಾಚಣಿಗೆಯದು ಮತ್ತು ಕತ್ತರಿಯದು. ಮನೆಯವರಿಗೆ ಕೆಲಸ ಹಚ್ಚದ ಜೂಲುನಾಯಿ ಎಂಬುದಿಲ್ಲ.

ಅಥರ್ವನಿಗೆ ಆಗಾಗ ಸೀನು, ಉಬ್ಬಸ ಅಂದಿದ್ದೆ. ಅಲರ್ಜಿ ತರುವುದು ಕೂದಲಲ್ಲ, ನಾಯಿಯ ಜೊಲ್ಲು ಮತ್ತು ಚರ್ಮದ ಹೊಟ್ಟಿನಲ್ಲಿರುವ ಪ್ರೋಟೀನು. ಅದು ಎಲ್ಲ ತಳಿಯಲ್ಲೂ ಇದೆ. ‘ಅಲರ್ಜಿ ಆಗದ ತಳಿ’ ಎಂಬ ಮಾತಿಗೆ ದುಡ್ಡು ಕೊಡಬೇಡ. ಮೊದಲು ನಾಯಿಯಿರುವ ಪರಿಚಯದವರ ಮನೆಗೆ ನಾಲ್ಕೈದು ಸಲ ಅವನನ್ನು ಕರೆದುಕೊಂಡು ಹೋಗು. ಪ್ರತಿ ಸಲವೂ ಒಂದೆರಡು ಗಂಟೆ ನಾಯಿಯ ಜೊತೆ ಆಡಲಿ. ಉಬ್ಬಸ ಏರಿದರೆ ಅವನ ಡಾಕ್ಟರ ಹತ್ತಿರ ಮಾತಾಡದೆ ಮುಂದಿನ ಹೆಜ್ಜೆ ಇಡಬೇಡ.

ಸಮಾಯ್ಡ್ ಬೇಡವೇ ಬೇಡ. ಅದು ಸೈಬೀರಿಯಾದ ಹಿಮದಲ್ಲಿ ಹಿಮಸಾರಂಗ ಕಾಯುತ್ತಾ, ಜಾರುಬಂಡಿ ಎಳೆಯುತ್ತಾ ಬಂದ ನಾಯಿ. ನಾಯಿಗಳಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಪಾದದಡಿಯಲ್ಲಿ ತುಸು ಬೆವರು, ಉಳಿದದ್ದೆಲ್ಲ ತೇಕಿಯೇ ತಣಿಯಬೇಕು. ತೇಕಿದಾಗ ನಾಲಿಗೆ, ಬಾಯಿ, ಮೂಗಿನ ಒಳಗಿನ ತೇವ ಆರಿದರೆ ಮೈ ಬಿಸಿ ಇಳಿಯುತ್ತದೆ. ಕರಾವಳಿಯ ಗಾಳಿಯಲ್ಲೇ ನೀರಿರುವಾಗ ಆ ತೇವ ಸರಿಯಾಗಿ ಆರುವುದಿಲ್ಲ. ಥರ್ಮಾಮೀಟರು ಬರೀ 32 ಡಿಗ್ರಿ ತೋರಿಸಿದರೂ ನಾಯಿ ಕಂಗಾಲಾಗುವುದು ಇದಕ್ಕೇ. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 38ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದು 41ರ ಹತ್ತಿರ ಹೋದರೆ ಜೀವಕ್ಕೇ ಅಪಾಯ. ಎ.ಸಿ. ಹಾಕಿ ಹೋಗುತ್ತೇನೆ ಅನ್ನುತ್ತೀಯ, ಮಧ್ಯಾಹ್ನ ಕರೆಂಟು ಹೋದರೆ ಬಾಗಿಲು ತೆರೆಯಲು ಮನೆಯಲ್ಲಿ ಯಾರಿದ್ದಾರೆ? ಹಸ್ಕಿ, ಚೌ ಚೌ ಬಗ್ಗೆಯೂ ಇದೇ ಮಾತು.

‘ಬೇಸಿಗೆಗೆ ಬೋಳಿಸಿದರಾಯಿತು’ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡ. ಎರಡು ಪದರದ ನಾಯಿಯನ್ನು ಬುಡಮಟ್ಟ ಬೋಳಿಸಿದರೆ ಒಳಗೂದಲು ಬೇಗ ಬರುತ್ತದೆ, ಮೇಲಿನ ಕೂದಲು ಹಿಂದೆ ಬೀಳುತ್ತದೆ. ಮೈ ತೇಪೆ ತೇಪೆಯಾಗಿ, ಗುಂಜುಗುಂಜಾಗಿ ಬೆಳೆದು ಸರಿಹೋಗುವುದಕ್ಕೆ ಒಂದು ವರ್ಷವೂ ಹಿಡಿಯಬಹುದು. ಕೆಲವಕ್ಕೆ, ಮುಖ್ಯವಾಗಿ ಪಮೇರಿಯನ್‌ಗೆ, ಕೆಲವು ಜಾಗದಲ್ಲಿ ಕೂದಲು ಮರಳಿ ಬರುವುದೇ ಇಲ್ಲ. ಬಿಸಿಲು ನೇರ ಚರ್ಮಕ್ಕೆ ತಾಗಿ ಸುಡುತ್ತದೆ. ಮಲದ್ವಾರದ ಸುತ್ತ ಮತ್ತು ಅಂಗಾಲಿನ ನಡುವಿನ ಕೂದಲು ಕತ್ತರಿಸಿದರೆ ಸಾಕು.

ಪಮೇರಿಯನ್ ವಿಷಯದಲ್ಲಿ ಮೋಸ ಜಾಸ್ತಿ. 1980-90ರ ದಶಕದಲ್ಲಿ ನಮ್ಮ ಊರುಗಳಲ್ಲಿ ‘ಪಮೇರಿಯನ್’ ಎಂದು ಮನೆಮನೆಯಲ್ಲಿ ಸಾಕಿದ ಬಿಳಿ ನಾಯಿಗಳಲ್ಲಿ ಬಹುಪಾಲು ಇಂಡಿಯನ್ ಸ್ಪಿಟ್ಜ್. ಅಸಲಿ ಪಮೇರಿಯನ್ ಪೂರ್ತಿ ಬೆಳೆದಾಗ 2ರಿಂದ 3 ಕೆ.ಜಿ. ಆಸುಪಾಸು, ಮೂತಿ ಗಿಡ್ಡ, ಕಿವಿ ಚಿಕ್ಕದು. ಸ್ಪಿಟ್ಜ್‌ನಲ್ಲಿ ಸಣ್ಣ ಬಗೆ 5ರಿಂದ 7 ಕೆ.ಜಿ., ದೊಡ್ಡದು 12ರ ಮೇಲೆ, ಮೂತಿ ಚೂಪು. ಎಂಟು ವಾರದ ಮರಿಗಳನ್ನು ನೋಡಿ ಹೊಸಬರಿಗೆ ಗೊತ್ತಾಗುವುದು ಕಷ್ಟ, ತಾಯಿಯನ್ನು ನೋಡಿದರೆ ತಿಳಿಯುತ್ತದೆ. ಸ್ಪಿಟ್ಜ್ ಮರಿಗೆ ಪಮೇರಿಯನ್ ಬೆಲೆ ಹೇಳುವವರು ತಾಯಿಯನ್ನು ತೋರಿಸದಿರುವುದು ಇದೇ ಕಾರಣಕ್ಕೆ.

ಆದರೆ ನಿಮಗೆ ಅಸಲಿ ಪಮೇರಿಯನ್ ಹೊಂದುವುದಿಲ್ಲ. ಅದರ ಮುಂಗಾಲಿನ ಮೂಳೆ ಬೆರಳಿಗಿಂತ ಸಣ್ಣ. ಸೋಫಾದಿಂದ ಹಾರಿದರೆ, ಮಗುವಿನ ಕೈ ಜಾರಿ ಟೈಲ್ಸ್ ಮೇಲೆ ಬಿದ್ದರೆ ಮುರಿಯುತ್ತದೆ. ಮಂಡಿಚಿಪ್ಪು ಜಾರುವುದು, ಶ್ವಾಸನಾಳ ಕುಗ್ಗುವುದು ಈ ತಳಿಯಲ್ಲಿ ಮಾಮೂಲು ಕಾಯಿಲೆಗಳು. ‘ಟೀಕಪ್’ ಎಂದು ಕರೆಯುವ ಒಂದೂವರೆ ಕೆ.ಜಿ.ಗೂ ಕಡಿಮೆಯವು ಇನ್ನೂ ಪಾಪದವು. ಹಲವಕ್ಕೆ ನೆತ್ತಿಯ ಮೂಳೆ ಕೂಡದೇ ಉಳಿದಿರುತ್ತದೆ, ಊಟ ತಪ್ಪಿದರೆ ಸಕ್ಕರೆ ಅಂಶ ಕುಸಿದು ಫಿಟ್ಸ್ ಬರಬಹುದು. ಅವನ್ನು ಕೊಂಡುಕೊಳ್ಳುವವರು ಇರುವವರೆಗೂ ಹುಟ್ಟಿಸುವವರು ಹುಟ್ಟಿಸುತ್ತಲೇ ಇರುತ್ತಾರೆ. ನೀನು ಆ ಸಾಲಿಗೆ ಸೇರಬೇಡ.

ಶಿಟ್ಜು ಸ್ವಭಾವ ಬಂಗಾರ, ಮಕ್ಕಳ ಜೊತೆಗೂ ಚೆನ್ನಾಗಿರುತ್ತದೆ. ತೊಂದರೆ ಇರುವುದು ಚಪ್ಪಟೆ ಮುಖದಲ್ಲಿ. ಮೂಗಿನ ಹೊಳ್ಳೆ ಕಿರಿದು, ಉಸಿರಿನ ದಾರಿ ಗಿಡ್ಡ. ತೇಕಿ ತಣಿಯಬೇಕಾದ ಪ್ರಾಣಿಗೆ ತೇಕುವುದೇ ಕಷ್ಟ. ಕಣ್ಣು ಉಬ್ಬಿರುವುದರಿಂದ ಕೂದಲು ಚುಚ್ಚಿ, ಗೋಡೆಗೆ ತಾಗಿ ಕರಿಗುಡ್ಡೆಯ ಮೇಲೆ ಹುಣ್ಣಾಗುತ್ತದೆ. ಒಂದೇ ಕಣ್ಣು ಕಿರಿದು ಮಾಡಿ ನೀರು ಸುರಿಸುತ್ತಿದ್ದರೆ ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟೆರಾಯ್ಡ್ ಇರುವ ಡ್ರಾಪ್ಸ್ ಹಾಕಿದರೆ ಹುಣ್ಣು ಆಳವಾಗಿ ಕಣ್ಣೇ ಹೋಗಬಹುದು. ಲಾಸಾ ಆಪ್ಸೊ ನೋಡಲು ಹತ್ತಿರದ್ದು, ಮೂತಿ ಸ್ವಲ್ಪ ಉದ್ದ, ಉಸಿರು ಸಲೀಸು. ಟಿಬೆಟ್ಟಿನ ಮಠಗಳಲ್ಲಿ ಒಳಬಾಗಿಲ ಕಾವಲಿಗಿದ್ದ ನಾಯಿ ಅದು. ಹೊಸಬರನ್ನು ನಂಬುವುದಿಲ್ಲ, ಬಾಲ ಎಳೆಯುವ ಮಗುವನ್ನು ಸಹಿಸುವುದೂ ಇಲ್ಲ.

ನನ್ನನ್ನು ಕೇಳಿದರೆ ಸಣ್ಣ ಬಗೆಯ ಇಂಡಿಯನ್ ಸ್ಪಿಟ್ಜ್ ತಾ. ತಲೆಮಾರುಗಳಿಂದ ನಮ್ಮ ಹವೆಯಲ್ಲೇ ಬೆಳೆದ ನಾಯಿ, ಚುರುಕು, ಹೇಳಿದ್ದನ್ನು ಬೇಗ ಕಲಿಯುತ್ತದೆ. ಬೊಗಳುವುದು ಜಾಸ್ತಿ, ಅದೊಂದನ್ನು ಮೊದಲ ವಾರದಿಂದಲೇ ತಿದ್ದಬೇಕು. ಲಿಫ್ಟ್ ಸದ್ದಾದಾಗ ಬೊಗಳಿದರೆ ಗದರಬೇಡ, ನೀನೂ ಬೊಗಳುತ್ತಿದ್ದೀಯೆಂದು ಅದಕ್ಕೆ ಅನ್ನಿಸುತ್ತದೆ. ಸುಮ್ಮನಾದ ಕ್ಷಣಕ್ಕೇ ತಿಂಡಿಯ ಚೂರು ಕೊಡು. ಇನ್ನೊಂದು ಮಾತು: ಮರಿಯೇ ಬೇಕೆಂದು ಹಟ ಹಿಡಿಯಬೇಡ. ಎರಡು ತಿಂಗಳ ಮರಿ ಹಗಲಲ್ಲಿ ಎರಡು ಗಂಟೆಗೊಮ್ಮೆ ಉಚ್ಚೆ ಹೊಯ್ಯುತ್ತದೆ, ಮೂರು ನಾಲ್ಕು ಹೊತ್ತು ಊಟ ಬೇಡುತ್ತದೆ. ಒಂಬತ್ತೂವರೆ ಗಂಟೆ ಖಾಲಿ ಇರುವ ಮನೆಗೆ ಅದು ಸಲ್ಲದು. ಮನೆ ಬದಲಾಯಿಸುವವರು, ವಿದೇಶಕ್ಕೆ ಹೊರಟವರು ಬಿಟ್ಟುಹೋದ ಎರಡು ಮೂರು ವರ್ಷದ ಸ್ಪಿಟ್ಜ್‌ಗಳು ಪ್ರಾಣಿರಕ್ಷಕರ ಹತ್ತಿರ ಬೇಕಾದಷ್ಟಿವೆ. ಬೆಳೆದ ನಾಯಿಯ ಕೂದಲು, ಸ್ವಭಾವ, ಗಾತ್ರ ಎಲ್ಲ ಕಣ್ಣೆದುರೇ ಇರುತ್ತದೆ. ಆದರೂ ಮಧ್ಯಾಹ್ನ ಒಮ್ಮೆ ಹೊರಗೆ ಕರೆದೊಯ್ಯಲು ಯಾರನ್ನಾದರೂ ಗೊತ್ತುಮಾಡಲೇಬೇಕು.

ಈಗ ಕೂದಲಿನ ಕೆಲಸ. ಎರಡು ಸಾಮಾನು ಬೇಕು: ಬಾಗಿದ ತಂತಿಹಲ್ಲಿನ ಸ್ಲಿಕರ್ ಬ್ರಷ್, ಒಂದು ಕಡೆ ಅಗಲ ಒಂದು ಕಡೆ ಒತ್ತು ಹಲ್ಲಿರುವ ಸ್ಟೀಲಿನ ಬಾಚಣಿಗೆ. ಹೆಚ್ಚಿನವರು ಮೇಲೆ ಮೇಲೆ ಬ್ರಷ್ ಎಳೆದು ನುಣುಪಾಯಿತೆಂದು ಬಿಡುತ್ತಾರೆ. ಒಂದು ತಿಂಗಳು ಕಳೆದ ಮೇಲೆ ಬುಡದಲ್ಲಿ ಒಳಗೂದಲು ಕಂಬಳಿಯ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ನಾಯಿಯನ್ನು ಪಕ್ಕಕ್ಕೆ ಮಲಗಿಸು. ಎಡಗೈಯ ಅಂಗೈಯಿಂದ ಕೂದಲನ್ನು ಮೇಲಕ್ಕೆ ಒತ್ತಿ ಹಿಡಿ, ಕೆಳಗಡೆ ಬೈತಲೆಯಂತೆ ಚರ್ಮದ ಗೆರೆ ಕಾಣಬೇಕು. ಆ ಗೆರೆಯ ಕೆಳಗಿನ ಒಂದು ಅಂಗುಲ ಕೂದಲನ್ನಷ್ಟೇ ಬುಡದಿಂದ ತುದಿಗೆ ಬಾಚು. ತಂತಿ ಚರ್ಮಕ್ಕೆ ಉಜ್ಜಬಾರದು, ಉಜ್ಜಿದರೆ ಕೆಂಪಾಗಿ ಗೀರು ಬೀಳುತ್ತದೆ. ಗೆರೆಯನ್ನು ಮೇಲೆ ಸರಿಸುತ್ತಾ ಬೆನ್ನಿನವರೆಗೆ ಬಾ. ಕೊನೆಗೆ ಸ್ಟೀಲಿನ ಬಾಚಣಿಗೆ ಎಲ್ಲೂ ತಡೆಯದೆ ಬುಡದಿಂದ ಹಾಯ್ದರೆ ಕೆಲಸ ಮುಗಿಯಿತು. ಕಿವಿಯ ಹಿಂದೆ, ಕಂಕುಳಲ್ಲಿ, ಕತ್ತಿನ ಪಟ್ಟಿಯ ಕೆಳಗೆ, ತೊಡೆಯ ಹಿಂದಿನ ಕುಚ್ಚಿನಲ್ಲಿ ಮೊದಲು ಗಂಟು ಕಟ್ಟುತ್ತದೆ. ವಾರಕ್ಕೆ ಮೂರು ಸಲ, ಇಪ್ಪತ್ತು ನಿಮಿಷ. ಕೂದಲು ಬಿಡುವ ವಾರಗಳಲ್ಲಿ ದಿನಾ.

ಗಂಟು ಸಿಕ್ಕಿದರೆ ಚಿಟಿಕೆ ಮೆಕ್ಕೆಜೋಳದ ಪಿಷ್ಟ (ಕಾರ್ನ್‌ಫ್ಲೋರ್) ಉದುರಿಸಿ ಬೆರಳಿಂದ ಸೀಳು, ಆಮೇಲೆ ತುದಿಯಿಂದ ಬುಡದ ಕಡೆಗೆ ಬಿಡಿಸುತ್ತಾ ಬಾ. ಕತ್ತರಿಸಲೇಬೇಕಾದರೆ ಗಂಟಿಗೂ ಚರ್ಮಕ್ಕೂ ನಡುವೆ ಬಾಚಣಿಗೆ ತೂರಿಸಿ ಅದರ ಮೇಲೆ ಕತ್ತರಿ ಆಡಿಸು. ಗಂಟಿನ ಜೊತೆ ಚರ್ಮವೂ ಎದ್ದು ಬಂದಿರುತ್ತದೆ, ಕಣ್ಣಿಗೆ ಕಾಣದು.

ಸ್ನಾನ ತಿಂಗಳಿಗೊಮ್ಮೆ ಸಾಕು, ಅದೂ ಪೂರ್ತಿ ಬಾಚಿದ ಮೇಲೆ. ನೀರು ಬಿದ್ದರೆ ಗಂಟು ಬಿಗಿಯುತ್ತದೆ. ನಮ್ಮ ಶಾಂಪೂ ಬೇಡ, ನಾಯಿಯ ಚರ್ಮದ ಪಿಎಚ್ (ಆಮ್ಲ-ಕ್ಷಾರದ ಮಟ್ಟ) ಬೇರೆ. ಟವೆಲಿನಿಂದ ಉಜ್ಜದೆ ಒತ್ತಿ ನೀರು ತೆಗೆ, ಡ್ರೈಯರನ್ನು ಕಡಿಮೆ ಬಿಸಿಯಲ್ಲಿಟ್ಟು, ಅದೇ ಗೆರೆ ತೆಗೆಯುವ ಕ್ರಮದಲ್ಲಿ ಬುಡ ಒಣಗಿಸು. ಮೇಲೆ ಒಣಗಿ ಬುಡ ಹಸಿಯಾಗಿ ಉಳಿದರೆ ರಾತ್ರಿ ಕಳೆಯುವಷ್ಟರಲ್ಲಿ ಒಂದು ಕಡೆ ಕೆರೆದು, ನೆಕ್ಕಿ, ಕೆಂಪಗೆ ರಸ ಒಸರುವ ಗಾಯವಾಗಿರುತ್ತದೆ. ನಿಮ್ಮೂರಿನಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ದೊಡ್ಡ ಕೆಲಸ ಇದೇ. ವಾಕಿಂಗಿಗೆ ಹೊಟ್ಟೆಯನ್ನೂ ಮುಚ್ಚುವ ರೇನ್‌ಕೋಟು ಹಾಕು, ಬಂದ ಕೂಡಲೇ ಅದನ್ನು ತೆಗೆದು, ಬೆರಳ ಸಂದು ಒರೆಸು. ನಿಂತ ಮಳೆನೀರು ಕುಡಿಯಲು ಬಿಡಬೇಡ. ಇಲಿಜ್ವರ ನಾಯಿಗೂ ಬರುತ್ತದೆ, ನಾಯಿಯಿಂದ ಮನುಷ್ಯರಿಗೂ ದಾಟುತ್ತದೆ. ಲಸಿಕೆ ಹಾಕಿಸುವಾಗ ಇಲಿಜ್ವರದ ರೋಗಾಣು ಲೆಪ್ಟೊಸ್ಪೈರಾ ವಿರುದ್ಧದ್ದೂ ಸೇರಿದೆಯೇ ಎಂದು ಕೇಳು.

ಜೂಲಿನಲ್ಲಿ ಉಣ್ಣಿ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ. ದಿನಾ ಸಂಜೆ ಕಿವಿಯ ಒಳಮಡಿಕೆ, ಬೆರಳ ಸಂದು, ಬಾಲದ ಬುಡ ಸವರಿ ನೋಡು. ಊಟ ಬಿಟ್ಟು ಜ್ವರ ಬಂದು ಒಸಡು ಬಿಳಿಚಿದರೆ, ಮೂಗಿನಲ್ಲಿ ರಕ್ತ ಬಂದರೆ ಉಣ್ಣಿಜ್ವರವಿರಬಹುದು, ರಕ್ತಪರೀಕ್ಷೆ ತಡ ಮಾಡಬೇಡ. ಉಣ್ಣಿಯ ಮಾತ್ರೆ ತೂಕ ನೋಡಿ ಪಶುವೈದ್ಯರೇ ಕೊಡಬೇಕು.

ಊಟದಲ್ಲಿ ನಮ್ಮ ಮನೆಗಳ ದೊಡ್ಡ ತಪ್ಪು ಮೂರು ಹೊತ್ತೂ ಮೊಸರನ್ನ. ಕೂದಲು ಎಂದರೆ ಪ್ರೋಟೀನು. ಬರೀ ಅನ್ನ ತಿಂದ ಸ್ಪಿಟ್ಜ್ ಮಂಕಾಗಿ, ಕೂದಲು ಒರಟಾಗಿ, ಸದಾ ಉದುರಿಸುತ್ತಿರುತ್ತದೆ. 7 ಕೆ.ಜಿ.ಯ ಬೆಳೆದ ನಾಯಿಗೆ ದಿನಕ್ಕೆ ಸುಮಾರು 450 ಕ್ಯಾಲೊರಿ. ಒಳ್ಳೆಯ ಒಣ ಆಹಾರವಾದರೆ ಹೆಚ್ಚುಕಡಿಮೆ 120 ಗ್ರಾಂ, ಎರಡು ಪಾಲು ಮಾಡಿ ಕೊಡು. ಮೊಟ್ಟೆ ಕೊಟ್ಟ ದಿನ ಅಷ್ಟು ಕಡಿಮೆ ಮಾಡು. ದಪ್ಪವೋ ಸಣ್ಣವೋ ಎಂಬುದು ಕೂದಲಿನಲ್ಲಿ ಮುಚ್ಚಿಹೋಗುತ್ತದೆ. ಪಕ್ಕೆಲುಬು ಮೆಲ್ಲಗೆ ಸವರಿದರೆ ಕೈಗೆ ಸಿಗಬೇಕು, ತಿಂಗಳಿಗೊಮ್ಮೆ ತೂಕ ಹಾಕು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾಂಬಾರು, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಮುಟ್ಟಿಸಬಾರದು. ಪಾಯಸದ ದ್ರಾಕ್ಷಿಯನ್ನು ಅಥರ್ವ ಪ್ರೀತಿಯಿಂದ ತಿನ್ನಿಸಿಬಿಡಬಹುದು, ಅವನಿಗೆ ಮೊದಲೇ ಹೇಳಿಡು.

ಇಷ್ಟಾದ ಮೇಲೂ ಮರಿಯೇ ತರುವುದಾದರೆ ಕೇಳು. 2017ರ ಕೇಂದ್ರ ನಿಯಮದಂತೆ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಮರಿ ಹಾಕಿಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಆ ನೋಂದಣಿ ಪತ್ರ ಕೇಳು. ಅವರ ಜಾಗಕ್ಕೇ ಹೋಗಿ ತಾಯಿ ನೋಡು, ಬಸ್ ಸ್ಟ್ಯಾಂಡಿಗೆ ತಂದುಕೊಡುತ್ತೇನೆ ಅನ್ನುವವರು ಬೇಡ. ಲಸಿಕೆ ಪುಸ್ತಕದಲ್ಲಿ ಬಾಟಲಿಯ ಚೀಟಿ, ದಿನಾಂಕ, ವೈದ್ಯರ ಸಹಿ ಮೂರೂ ಇರಬೇಕು. ಮರಿಯ ನೆತ್ತಿಯ ಮೇಲೆ ಬೆರಳಾಡಿಸು, ಮೆತ್ತನೆ ಗುಳಿ ಸಿಗಬಾರದು. ಕಿವಿ ಮೂಸಿ ನೋಡು, ಹುಳಿವಾಸನೆ ಬಂದರೆ ಸೋಂಕು. ಬಾಲ ಎತ್ತಿ ನೋಡು, ಕೂದಲು ಒದ್ದೆಯಾಗಿ ಅಂಟಿದ್ದರೆ ಭೇದಿ. ಮನೆಗೆ ತಂದ ಮೊದಲ ಎರಡು ವಾರ ವಾಂತಿ, ರಕ್ತಭೇದಿ ಕಂಡರೆ ಪಾರ್ವೊ (ಮರಿಗಳ ಜೀವ ತೆಗೆಯುವ ಕರುಳಿನ ವೈರಸ್ ರೋಗ) ಎಂದೇ ತಿಳಿದು ಆ ಗಂಟೆಯಲ್ಲೇ ಆಸ್ಪತ್ರೆಗೆ ಹೋಗು, ಬೆಳಗಾಗಲಿ ಅನ್ನಬೇಡ. ಲಸಿಕೆ ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ. ರೇಬಿಸ್ ಮೂರು ತಿಂಗಳಿಗೆ. ನಾಲ್ಕರಿಂದ ಏಳನೇ ತಿಂಗಳ ನಡುವೆ ಮರಿಗೂದಲೆಲ್ಲ ಉದುರಿ ಸಣಕಲಾಗಿ ಕಾಣುತ್ತದೆ. ತುರಿಕೆ, ಹುಣ್ಣು ಇಲ್ಲದಿದ್ದರೆ ಹೆದರಬೇಡ, ಅದು ಹೊಸ ಕೂದಲಿಗೆ ಜಾಗ ಮಾಡಿಕೊಳ್ಳುವ ಕಾಲ.

ಅಡ್ವಾನ್ಸ್ ಎಂದು ಒಂದು ರೂಪಾಯಿ ಕೊಡುವ ಮೊದಲು ತಾಯಿನಾಯಿಯ ಫೋಟೋ, ಮರಿಯ ತೂಕ, ಲಸಿಕೆ ಪುಸ್ತಕದ ಪುಟ ಇಷ್ಟನ್ನೂ ನನಗೆ ಕಳಿಸು. ದೊಡ್ಡ ನಾಯಿಯನ್ನೇ ತರುವುದಾದರೆ ಅಥರ್ವನನ್ನೂ ಕರೆದುಕೊಂಡು ಹೋಗಿ, ಅವನು ಮುಟ್ಟಿದಾಗ ಅದು ಕಿವಿ ಹಿಂದೆ ಮಾಡುತ್ತದೋ ಹತ್ತಿರ ಬರುತ್ತದೋ ನೋಡಿ ಬರೆ.

ಇಂತಿ ನಿನ್ನ ಪ್ರೀತಿಯ,
ದೊಡ್ಡಮ್ಮ