ಬಾವುಟದ ಕಂಬದ ಕೆಳಗೆ ಡ್ಯೂಟಿಯಲ್ಲಿ ಯಾರಿದ್ದರು?

ಕಳೆದ ರವಿವಾರ ಬೆಳಗಾವಿಯಲ್ಲಿ ನನ್ನ ಮೊದಲ ಕಾದಂಬರಿ ಬಿಡುಗಡೆಯಾಯಿತು. ಮೈಕ್ ಕೈಗೆ ಬಂದಾಗ ಗಂಟಲು ಕಟ್ಟಿತು, ನಾಲ್ಕು ಮಾತೂ ಆಡಲಿಲ್ಲ. ಅಲ್ಲಿ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾರ ಹೆಸರೂ ಹಾಕಿಲ್ಲ. ಓದಿದರೆ ಅವರವರಿಗೆ ಗೊತ್ತಾಗುತ್ತದೆ.

ನಾನು ಪೊಲೀಸ್ ಇಲಾಖೆಯಲ್ಲಿದ್ದವನು. ಜಾಸ್ತಿ ವರ್ಷ ಠಾಣೆಯ ರೈಟರ್ ಆಗಿದ್ದೆ. ಫಿರ್ಯಾದಿ ಬರೆದುಕೊಳ್ಳುವುದು, ಪಂಚನಾಮೆ, ಠಾಣಾ ಡೈರಿ, ಇದೇ ಕೆಲಸ. ನಿವೃತ್ತಿಯಾದ ಮೇಲೆ ಒಂದು ಹಳೇ ಕಳ್ಳತನ ತಲೆಯಲ್ಲಿ ಕೂತುಬಿಟ್ಟಿತು. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನದು. ಐದು ಉಂಗುರಗಳ ಬಾವುಟ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹಾರಿದ್ದು ಅಲ್ಲೇ. ಕೂಟ ಮುಗಿದ ಮೇಲೆ ಬಾವುಟ ನಾಪತ್ತೆ. ಅಮೆರಿಕದ ಡೈವಿಂಗ್ ಪಟು ಹ್ಯಾಲ್ ಹೇಗ್ ಪ್ರೀಸ್ಟ್, ಈಜುಗಾರ ಡ್ಯೂಕ್ ಕಹನಮೊಕು ಹಾಕಿದ ಸವಾಲಿಗೆ ಕಂಬ ಹತ್ತಿ ಅದನ್ನು ಬಿಚ್ಚಿಕೊಂಡು ಹೋಗಿದ್ದ. 2000ರಲ್ಲಿ, 103ನೇ ವಯಸ್ಸಿನಲ್ಲಿ, ಸಿಡ್ನಿಯಲ್ಲಿ ತಾನೇ ವಾಪಸ್ ಕೊಟ್ಟ. 80 ವರ್ಷ ಅವನ ಪೆಟ್ಟಿಗೆಯಲ್ಲೇ ಇತ್ತು.

ಅದೇ ಕೂಟದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಮ್ಯಾರಥಾನ್ ಓಡಿದ್ದರು. ದೊರಾಬ್ಜಿ ಟಾಟಾ ಮುಂದೆ ನಿಂತು ಕಳಿಸಿದ ಸಣ್ಣ ತಂಡ ಅದು. ಆಗಸ್ಟ್ 22ರಂದು, 42.75 ಕಿಲೋಮೀಟರ್ ದಾರಿಯನ್ನು 2 ಗಂಟೆ 50 ನಿಮಿಷದಲ್ಲಿ ಮುಗಿಸಿ 19ನೆಯವರಾಗಿ ಬಂದರು. ಮಹಾಯುದ್ಧ ಮುಗಿದು ಎರಡು ವರ್ಷವೂ ಆಗಿರದ ಊರು, ಕಳೆದುಹೋದ ಬಾವುಟ, ಬೆಳಗಾವಿಯ ಓಟಗಾರ. ಇದನ್ನು ತನಿಖೆಯ ಕಾದಂಬರಿ ಮಾಡಬೇಕು ಅನ್ನಿಸಿತು. ನಾಲ್ಕು ಉದ್ದನೆಯ ರಿಜಿಸ್ಟರ್ ತುಂಬ ಬರೆದೆ.

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕಿನೊಳಗೆ ಬಂದಿತು. ನಾವು ಉಟ್ಟ ಬಟ್ಟೆಯಲ್ಲಿ ಹೊರಬಿದ್ದೆವು. ನೀರು ಇಳಿದ ಮೇಲೆ ಮಗ ಹೋಗಿ ರಾಡಿಯಲ್ಲಿ ಬಿದ್ದಿದ್ದ ರಿಜಿಸ್ಟರ್‌ಗಳನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಗಂಜಿ ಕೇಂದ್ರಕ್ಕೆ ತಂದ. ಶಾಯಿ ಪೆನ್ನಿನಿಂದ ಬರೆದದ್ದೆಲ್ಲ ನೀಲಿ ನೀರಾಗಿತ್ತು. ಬಾಲ್ ಪೆನ್ನಿನದು ಉಳಿದಿತ್ತು, ಆದರೆ ಹಾಳೆಗೆ ಹಾಳೆ ಅಂಟಿ ಇಟ್ಟಿಗೆಯಂತಾಗಿತ್ತು. ನಾನು ಬಿಸಾಕಿ ಅಂದೆ.

ಬಿಸಾಕಲು ಬಿಡದವರು ಅಲ್ಲಿ ರೊಟ್ಟಿ ಬಡಿಯುತ್ತಿದ್ದ ಅಕ್ಕ. ಅವರದೂ ಮನೆ ಬಿದ್ದಿತ್ತು. ತವೆಯಿಂದ ರೊಟ್ಟಿ ಎಬ್ಬಿಸುವ ತೆಳು ಕಬ್ಬಿಣದ ಪಟ್ಟಿಯನ್ನು ತಂದು, ಅಂಚಿನಿಂದ ಮೆಲ್ಲಗೆ ತೂರಿಸಿ, ಒಂದೊಂದೇ ಹಾಳೆ ಬಿಡಿಸಿದರು. ಹರಿಯುತ್ತೆ ಅನ್ನಿಸಿದರೆ ಅಲ್ಲೇ ನಿಲ್ಲಿಸಿ ಒಂದಿಷ್ಟು ಗಾಳಿಗೆ ಬಿಡೋರು. ಗಂಜಿ ಕೇಂದ್ರವಿದ್ದ ಶಾಲೆಯ ಅಕ್ಕೋರು, ಅಂದರೆ ಟೀಚರ್, ವರಾಂಡದಲ್ಲಿ ಹಗ್ಗ ಕಟ್ಟಿಸಿದರು. ಮಕ್ಕಳು ಹಾಳೆಗಳನ್ನು ಬಟ್ಟೆಯಂತೆ ಒಣಹಾಕಿದರು. ಮೂರು ದಿನ ಆ ವರಾಂಡದ ತುಂಬ ಆಂಟ್‌ವರ್ಪ್ ನೇತಾಡುತ್ತಿತ್ತು. ಅಕ್ಕಾರ, ನಿಮ್ಮ ಕೈಯಿಂದ ಉಳಿದದ್ದು 211 ಹಾಳೆ. ನಾನು ಎಣಿಸಿಟ್ಟಿದ್ದೇನೆ.

ಆ ಮಕ್ಕಳಲ್ಲಿ ಐದನೇ ಕ್ಲಾಸಿನ ಒಬ್ಬ ಹುಡುಗಿ. ಒಣಹಾಕುತ್ತ ಓದುತ್ತಿದ್ದಳು. ಒಂದು ಸಂಜೆ ಬಂದು ಕೇಳಿದಳು: "ಅಜ್ಜಾ, ಬಾವುಟ ಕದಿಯೂಮುಂದ ಅಲ್ಲಿ ಡ್ಯೂಟಿ ಮ್ಯಾಲೆ ಯಾರಿದ್ರು? ಅವಂಗ ಏನಾತು?"

ನಾನು ಏನೂ ಹೇಳಲಿಲ್ಲ. ನನ್ನ ಕಾದಂಬರಿಯಲ್ಲಿ ಇನ್ಸ್‌ಪೆಕ್ಟರ್ ಇದ್ದ, ಕಳ್ಳನಿದ್ದ. ರಾತ್ರಿ ಪಾಳಿಯ ಪೇದೆ ಇರಲೇ ಇಲ್ಲ. ಆದರೆ ಅಂಥ ಒಬ್ಬ ಪೇದೆ ನನಗೆ ಗೊತ್ತಿದ್ದ. ಬಹಳ ಹಿಂದೆ ಒಂದು ಊರಿನ ಜಾತ್ರೆಯಲ್ಲಿ ಜಂಗೀ ನಿಕಾಲಿ ಕುಸ್ತಿ, ಅಂದರೆ ಸೋಲು-ಗೆಲುವು ತೀರ್ಮಾನವಾಗುವ ತನಕ ನಡೆಯುವ ದೊಡ್ಡ ಕುಸ್ತಿ. ಗೆದ್ದವನಿಗೆ ಕೊಡಬೇಕಿದ್ದ ಬೆಳ್ಳಿ ಗದೆ ಕಾಣೆಯಾಯಿತು. ಬಂದೋಬಸ್ತ್‌ನಲ್ಲಿದ್ದ ಹುಡುಗ ಸಸ್ಪೆಂಡ್ ಆದ. ಆ ವರದಿಯನ್ನು ಚೊಕ್ಕ ಅಕ್ಷರದಲ್ಲಿ ಬರೆದವನು ನಾನು. ನಾಲ್ಕನೇ ದಿನ ಗದೆ ಸಿಕ್ಕಿತು. ಯಾರೂ ಕದ್ದಿರಲಿಲ್ಲ, ಒಯ್ದು ಬೇರೆ ಕಡೆ ಎತ್ತಿಟ್ಟಿದ್ದರು. ಹುಡುಗ ಮತ್ತೆ ಕೆಲಸಕ್ಕೆ ಬಂದ. ಆದರೆ ಅವನ ಸರ್ವಿಸ್ ಪುಸ್ತಕದಲ್ಲಿ ಆ ಸಾಲು ಹಾಗೇ ಉಳಿಯಿತು.

ಪ್ರವಾಹ ಮುಗಿದ ಮೇಲೆ ಆ ಪೇದೆಯವರನ್ನು ಹುಡುಕಿಕೊಂಡು ಹೋದೆ. ಅವರೂ ನಿವೃತ್ತರು. ಬಯ್ಯುತ್ತಾರೆ ಅಂದುಕೊಂಡಿದ್ದೆ. ಚಹಾ ಕೊಟ್ಟು, ಎರಡು ದಿನ ಕೂತು, ಆ ರಾತ್ರಿಯದನ್ನೆಲ್ಲ ಹೇಳಿದರು. ಎಲ್ಲಿ ನಿಂತಿದ್ದೆ, ಯಾವಾಗ ಕಾಲು ಜೋಮು ಹಿಡಿಯಿತು, ಮನೆಗೆ ಹೋಗಿ ಅವ್ವನಿಗೆ ಏನು ಹೇಳಿದೆ, ಎಲ್ಲ. ಈಗ ಕಾದಂಬರಿಯ ನಾಯಕ ಆಂಟ್‌ವರ್ಪ್‌ನ ಒಬ್ಬ ರಾತ್ರಿ ಪೇದೆ. ಅವನು ನಿಂತ ರೀತಿ, ಅವನ ಮೌನ ನಿಮ್ಮದು ಸರ್. ಅವತ್ತು ನಿಮ್ಮನ್ನು ಒಂದು ಮಾತೂ ಕೇಳದೆ ಬರೆದದ್ದಕ್ಕೆ ಇಲ್ಲಿ ಎಲ್ಲರ ಎದುರು ಕ್ಷಮೆ ಕೇಳುತ್ತೇನೆ.

ಬೆಲ್ಜಿಯಮ್‌ನಲ್ಲಿ ಕೆಲಸದಲ್ಲಿರುವ ಬಾಗಲಕೋಟೆಯ ಇಂಜಿನಿಯರ್ ತಮ್ಮನಿಗೂ ಋಣಿ. ನಾನು ಆ ಊರನ್ನು ಕಂಡವನಲ್ಲ. ಅವನು ರಜೆ ದಿನ ಹೋಗಿ, ಹಳೇ ಒಲಿಂಪಿಕ್ ಸ್ಟೇಡಿಯಂ ಸುತ್ತಲಿನ ಓಣಿಗಳಲ್ಲಿ ನಡೆದು, ವಿಡಿಯೊ ಕಾಲ್‌ನಲ್ಲಿ ತೋರಿಸಿದ. "ಕಾಕಾ, ಇಲ್ಲಿ ಮಳಿ ಹ್ಯಾಂಗ್ ಬೀಳತೈತಿ ಕೇಳ್ರಿ" ಅಂತ ಫೋನ್ ಹೊರಗೆ ಹಿಡಿದ. ಚೌಗುಲೆಯವರು ಓಡುವ ಅಧ್ಯಾಯ ಆ ಸದ್ದಿನಿಂದ ಶುರುವಾಗುತ್ತದೆ.

ನನ್ನ ಮನೆಯವರಿಗೆ ಏನು ಹೇಳಲಿ? ಅಳಿಸಿಹೋದ ಎರಡು ರಿಜಿಸ್ಟರ್‌ಗಳ ಕಥೆಯನ್ನು ನೆನಪಿನಿಂದ ನನಗೇ ಹೇಳಿ ಬರೆಸಿದವಳು ಅವಳು. ಅಷ್ಟು ಸಲ ಅವಳ ಮುಂದೆ ಓದಿದ್ದೆ ಅಂತ ನನಗೇ ಗೊತ್ತಿರಲಿಲ್ಲ.

ಮೊದಲ ಪ್ರತಿಯನ್ನು ಆ ಹುಡುಗಿಯ ಕೈಗೆ ಕೊಟ್ಟೆ. ಈಗ ಕಾಲೇಜಿಗೆ ಹೋಗುತ್ತಾಳೆ. ಎರಡನೆಯದನ್ನು ಆ ಪೇದೆಯವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದ್ದೇನೆ. ಮುಟ್ಟಿದೆ ಅಂತ ರಸೀದಿ ಬಂದಿದೆ. ಫೋನ್ ಇನ್ನೂ ಬಂದಿಲ್ಲ. ನಿಧಾನಕ್ಕೆ ಓದಲಿ.